ಅಪ್‌ಡೇಟ್: ಕತೆ ಕೊನೆಗೂ ಮುಂದೆ ಹೋಯಿತು

ಕಾಫಿ ಕೊಯ್ಲಿನ ಕತೆ ಬರೆಯಲು ಕೂತರೆ ಒಂದು ಸಾಲೂ ಹೊಳೆಯುತ್ತಿಲ್ಲ, ಏನು ಮಾಡಲಿ ಎಂದು ಹಿಂದೆ ಇಲ್ಲಿ ಕೇಳಿದ್ದೆ, ಅದರ ಮುಂದಿನ ಸುದ್ದಿ ಇದು. 'ಹತ್ತು ನಿಮಿಷ ಪೆನ್ನು ಎತ್ತದೆ ಬರೆಯಿರಿ, ತಿದ್ದಬೇಡಿ' ಎಂದವರಿಗೆ ಥ್ಯಾಂಕ್ಸ್. ನನಗೆ ಅದರಿಂದ ಬರೀ ಗೊಣಗಾಟ ಬಂತು!

ಕೈಹಿಡಿದದ್ದು ಇನ್ನೊಬ್ಬರ ಮಾತು: ಆರಂಭ ಬಿಡಿ, ಕಣ್ಣಿಗೆ ಕಾಣುವ ಜಾಗದಿಂದ ಹಿಡಿಯಿರಿ. ಸರಿ, ನೋಟ್‌ಬುಕ್ ಹಿಡಿದು ಮೂಡಿಗೆರೆ ಕಡೆಯ ನಮ್ಮ ತೋಟದ ಕಣಕ್ಕೆ ಹೋದೆ. ರೋಬಸ್ಟಾ ಜಾತಿಯ ಕಾಫಿ ಹಣ್ಣು ಒಣಗಲು ಹರಡಿದ್ದರು. ಅಜ್ಜಿ ಒಂದು ಹಿಡಿ ತೆಗೆದು ಕಿವಿ ಹತ್ತಿರ ಅಲ್ಲಾಡಿಸಿದರು. ಒಳಗೆ ಬೀಜ ಗಿಲಿಗಿಲಿ ಎಂದರೆ ಒಣಗಿದೆ ಅಂತ ಲೆಕ್ಕ. ಅದನ್ನೇ ಸುಮ್ನೆ ಕಂಡಂತೆ ಬರೆದೆ. ಸಂಜೆಯೊಳಗೆ ಪುಟ ತುಂಬಿತು.

ಈಗಿನ ತಲೆನೋವು ಬೇರೆ. ಅಜ್ಜಿ 'ನನ್ನನ್ನ ಕತೆಗೆ ಎಳೀಬೇಡ' ಎನ್ನುತ್ತಿದ್ದಾರೆ.