‘ತಳಿ’ ಅಂದರೆ ಗಿಡದ್ದೋ, ರೋಗಾಣುವಿನದ್ದೋ?

ಗೆಳೆಯರೇ,

ನಿಂಬೆಯ ಕಜ್ಜಿ ರೋಗದ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಒಂದು ಪದದಲ್ಲಿ ಸಿಕ್ಕಿಕೊಂಡಿದ್ದೇನೆ. ‘ಕಜ್ಜಿಯ ಎ-ಸ್ಟಾರ್ ತಳಿ ಭಾರತದಲ್ಲೂ ಇದೆ’ ಎಂದು ಬರೆದಿದ್ದೆ. ಅದನ್ನು ಓದಿದ ವಿಜಯಪುರದ ಕಡೆಯ ಬೆಳೆಗಾರರೊಬ್ಬರು ಆ ತಳಿಯ ಸಸಿ ಎಲ್ಲಿ ಸಿಗುತ್ತದೆ, ಅದಕ್ಕೆ ಕಜ್ಜಿ ಬರಲ್ವಾ ಎಂದು ಕೇಳಿದರು. ನಾನು ಹೇಳಿದ್ದು ರೋಗಾಣುವಿನ ಬಗೆ, ಅವರು ತಿಳಿದದ್ದು ಗಿಡದ್ದು. ಅವರ ತಪ್ಪೇನೂ ಇಲ್ಲ. ರೈತರಿಗೆ ತಳಿ ಅಂದರೆ ಭತ್ತದ್ದು, ರಾಗಿಯದ್ದು, ಲಿಂಬೆಯದ್ದು (ಅವರು ಲಿಂಬೆ ಅನ್ನುತ್ತಾರೆ, ನಾನು ನಿಂಬೆ). ರೋಗಾಣುವಿಗೂ ಅದೇ ಪದ ಹಚ್ಚಿದವರು ನಾವು, ಬರೆಯುವವರು. ಕೊರೊನಾ ಕಾಲದಲ್ಲಿ ಅದು ಇನ್ನೂ ಗಟ್ಟಿಯಾಯಿತು.

ಬೇರೆ ರೋಗದಲ್ಲಾದರೆ ಹೇಗೋ ನಡೆಯುತ್ತಿತ್ತು. ಇಲ್ಲಿ ನಡೆಯಲ್ಲ, ಯಾಕೆಂದರೆ ಕಜ್ಜಿ ತರುವ ಬ್ಯಾಕ್ಟೀರಿಯಾ ಕ್ಸಾಂಥೋಮೊನಾಸ್ ಸಿಟ್ರಿಯ ಬಗೆಗಳನ್ನು ಮೊದಲು ಗುರುತಿಸಿದ್ದೇ ಯಾವುದು ಯಾವ ಗಿಡಕ್ಕೆ ತಗಲುತ್ತದೆ ಅನ್ನುವುದರ ಮೇಲೆ. ‘ಎ’ ಕಿತ್ತಳೆ, ಮೋಸಂಬಿ, ನಿಂಬೆ ಅಂತ ನೋಡದೆ ಹೆಚ್ಚುಕಡಿಮೆ ಎಲ್ಲಕ್ಕೂ ಅಂಟುತ್ತದೆ. 1998ರಲ್ಲಿ ವರದಿಯಾದ ‘ಎ-ಸ್ಟಾರ್’ ಮುಖ್ಯವಾಗಿ ಸಣ್ಣ ನಿಂಬೆಗೆ. ಫ್ಲಾರಿಡಾದಲ್ಲಿ ಕಂಡ ‘ಎ-ಡಬ್ಲ್ಯು’ ಕೂಡ ಹಾಗೇ. ಅದರಲ್ಲಿ ಒಂದು ಜೀನ್ ಇದೆ. ಆ ಜೀನ್‌ನಿಂದ ಆಗುವ ಪ್ರೋಟೀನನ್ನು ನಿಂಬೆ ಜಾತಿಯದೇ ಆದ ಗ್ರೇಪ್‌ಫ್ರೂಟ್ ಗಿಡ ಗುರುತು ಹಿಡಿದು, ಸೋಂಕು ತಗುಲಿದ ಜಾಗದ ತನ್ನ ಜೀವಕೋಶಗಳನ್ನೇ ಸಾಯಿಸಿ ರೋಗವನ್ನು ಅಲ್ಲೇ ತಡೆಯುತ್ತದೆ. ಇದನ್ನೆಲ್ಲ ಬರೆಯಲು ಹೋದರೆ ‘ಈ ತಳಿ ಆ ತಳಿಗೆ ತಗಲದು’ ಎಂಬ ವಾಕ್ಯ ಬರುತ್ತದೆ. ಓದುವವರ ಗತಿಯೇನು?

ರೋಗಾಣುವಿಗೆ ತಳಿಯ ಬದಲು ‘ರೂಪಾಂತರಿ’ ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಮೂಲ ಒಂದಿತ್ತು, ಅದು ಬದಲಾಯಿತು ಎಂಬ ಅರ್ಥ ಸುಮ್ನೆ ಬಂದು ಸೇರಿಕೊಳ್ಳುತ್ತದೆ. ‘ಪ್ರಭೇದ’ ಇನ್ನೂ ದೊಡ್ಡ ಗುಂಪಿಗೆ ಬೇಕು. ನನ್ನ ಮನಸ್ಸು ‘ಒಳಬಗೆ’ ಕಡೆ ಇದೆ. ಗಿಡಕ್ಕೆ ತಳಿ, ಬ್ಯಾಕ್ಟೀರಿಯಾಕ್ಕೆ ಒಳಬಗೆ.

ಹಾಗೆ ಮಾಡಿದರೆ ಜೀನ್‌ಗಳಲ್ಲಿನ ವ್ಯತ್ಯಾಸಕ್ಕೆ ಬಳಸುವ ‘ತಳಿ ವೈವಿಧ್ಯ’ವನ್ನೂ ಗಿಡಗಳಿಗೇ ಬಿಟ್ಟುಕೊಡಬೇಕು. ‘ಆನುವಂಶಿಕ ವೈವಿಧ್ಯ’ ಎಂದರೆ ತಾಯಿತಂದೆಯಿಂದ ಬಂದದ್ದು ಎಂಬ ಭಾವನೆ ಬರುತ್ತದೆ, ಆದರೆ ಬ್ಯಾಕ್ಟೀರಿಯಾಗಳು ಪಕ್ಕದವುಗಳಿಂದಲೂ ಜೀನ್ ಪಡೆಯುತ್ತವೆ. ಕಜ್ಜಿಯ ಗಂಟು ಏಳಿಸುವ ಮುಖ್ಯ ಜೀನ್ ಇರುವುದೇ ಪ್ಲಾಸ್ಮಿಡ್ ಮೇಲೆ, ಅಂದರೆ ಒಂದರಿಂದ ಇನ್ನೊಂದಕ್ಕೆ ದಾಟಬಲ್ಲ ಡಿಎನ್‌ಎ ಉಂಗುರದಲ್ಲಿ. ಹಾಗಾಗಿ ‘ಜೀನ್ ವೈವಿಧ್ಯ’ ಎಂದೇ ಬರೆದಿದ್ದೇನೆ.

ಇನ್ನೊಂದು ಮಾತು. ಕೃಷಿ ಬರಹಗಳಲ್ಲಿ ಬ್ಯಾಕ್ಟೀರಿಯಾಕ್ಕೆ ‘ದುಂಡಾಣು’ ಅನ್ನುತ್ತಾರೆ, ದಾಳಿಂಬೆಯ ದುಂಡಾಣು ಅಂಗಮಾರಿ ಎಲ್ಲರಿಗೂ ಗೊತ್ತು. ಅದೂ ಕ್ಸಾಂಥೋಮೊನಾಸೇ. ಆದರೆ ಈ ಜೀವಿ ದುಂಡಗಿಲ್ಲ, ಕಡ್ಡಿಯ ಹಾಗಿದೆ! ಪದ ರೈತರಿಗೆ ಚೆನ್ನಾಗಿ ಒಗ್ಗಿದೆ, ಬಿಡಲು ಮನಸ್ಸಿಲ್ಲ. ನೀವಾದರೆ ಇಟ್ಟುಕೊಳ್ಳುತ್ತೀರಾ? ಮತ್ತೆ, ‘ಒಳಬಗೆ’ಗಿಂತ ಒಳ್ಳೆಯದು, ತೋಟದಲ್ಲಿ ಈಗಾಗಲೇ ಆಡುವ ಪದ ಯಾವುದಾದರೂ ನಿಮ್ಮ ಕಡೆ ಇದ್ದರೆ ದಯವಿಟ್ಟು ತಿಳಿಸಿ.