ಬ್ಯಾಲೆ ಕಲಿತು ಬಂದಿರುವ ಮೊಮ್ಮಗಳನ್ನು ಮೈಸೂರಲ್ಲಿ ಯಾವ ಕ್ಲಾಸಿಗೆ ಸೇರಿಸಲಿ?

ಸರಸ್ವತಿಪುರಂ ತಾತ:
ಎಲ್ಲರಿಗೂ ನಮಸ್ಕಾರ. ಮಗಳು, ಅಳಿಯ ಅಮೆರಿಕದಿಂದ ವಾಪಸ್ ಬಂದು ಎರಡು ತಿಂಗಳಾಯಿತು. ಜೊತೆಗೆ ನಾಲ್ಕೂವರೆ ವರ್ಷದ ಮೊಮ್ಮಗಳು. ಅಲ್ಲಿ ಊರಿನವರೇ ಸೇರಿ ನಡೆಸುವ ಒಂದು ಬ್ಯಾಲೆ (ಪಾಶ್ಚಾತ್ಯ ಶಾಸ್ತ್ರೀಯ ನೃತ್ಯ) ತಂಡ ಇದೆಯಂತೆ. ಪುಟ್ಟ ಮಕ್ಕಳಿಗೆ ಶನಿವಾರ ಮುಕ್ಕಾಲು ಗಂಟೆ ಕ್ಲಾಸ್. ಡಿಸೆಂಬರಿನಲ್ಲಿ ಅವರು 'ನಟ್‌ಕ್ರ್ಯಾಕರ್' ಅನ್ನುವ ಬ್ಯಾಲೆ ನಾಟಕ ಆಡಿದಾಗ ಇವಳು ಇಲಿಯಾಗಿ ಸ್ಟೇಜ್ ತುಂಬಾ ಓಡಿದ್ದಾಳೆ. ಆ ಬೂದು ಬಾಲ ಈಗ ನಮ್ಮ ಬೀರುವಿನಲ್ಲಿದೆ. ಯಾರೂ ಮುಟ್ಟುವ ಹಾಗಿಲ್ಲ.

ದಿನಾ ಬೆಳಿಗ್ಗೆ ಅಡುಗೆಮನೆ ಕಟ್ಟೆ ಹಿಡಿದು, ಹಿಮ್ಮಡಿ ಎರಡೂ ಜೋಡಿಸಿ ಮಂಡಿ ಬಗ್ಗಿಸುತ್ತಾಳೆ. "ತಾತ, ಪ್ಲಿಯೆ!" ನಾನೂ ಮಾಡಬೇಕು. ನನ್ನದು 67ರ ಮಂಡಿ, ಲಟಲಟ ಅನ್ನುತ್ತದೆ. ಆಮೇಲೆ ಹೆಬ್ಬೆರಳ ತುದಿ ಮೇಲೆ ನಿಲ್ಲಲು ನೋಡುತ್ತಾಳೆ. ನಮ್ಮನೆಯವಳಿಗೆ ಅದೇ ಗಾಬರಿ.

ಹತ್ತಿರದ ಒಂದು ಡ್ಯಾನ್ಸ್ ಕ್ಲಾಸಿಗೆ ಕರೆದುಕೊಂಡು ಹೋದೆ. ಪ್ಲಿಯೆ ಮಾಡಿ ತೋರಿಸಿದಳು. "ಇದೆಲ್ಲ ಇಲ್ಲಿ ಬೇಡಮ್ಮ" ಅಂದುಬಿಟ್ಟರು. ದಾರಿಯುದ್ದಕ್ಕೂ ಮಗು ತುಟಿ ಬಿಚ್ಚಲಿಲ್ಲ. ನನ್ನ ಪ್ರಶ್ನೆ ಎರಡು. ಬೆರಳ ತುದಿಯಲ್ಲಿ ನಿಂತರೆ ಕಾಲಿಗೆ ತೊಂದರೆಯಾ? ಕಲಿತಿದ್ದನ್ನೆಲ್ಲ ಮರೆಸಿಯೇ ಭರತನಾಟ್ಯ ಕಲಿಸಬೇಕಾ?

ಕುವೆಂಪುನಗರದ ಡ್ಯಾನ್ಸ್ ಟೀಚರ್:
ಸರ್, ನಾನು ಭರತನಾಟ್ಯ ಕಲಿಸುವವಳು. ಮೊದಲು ಕಾಲಿನ ವಿಷಯ. ಹಿಮ್ಮಡಿ ಎತ್ತಿ ಐದೂ ಬೆರಳು ನೆಲಕ್ಕೆ ಊರಿ ನಿಂತರೆ ಏನೂ ಆಗಲ್ಲ. ಹೆಬ್ಬೆರಳ ತುದಿಗೆ ಏರುವುದು ಮಾತ್ರ ಬೇಡ. ಬ್ಯಾಲೆಯವರೂ ತುದಿಗಾಲಿನ ಆ ಗಟ್ಟಿ ಶೂ ಕೊಡುವುದು ಸಾಮಾನ್ಯವಾಗಿ 11-12 ವರ್ಷದ ಹೊತ್ತಿಗೆ, ಅದೂ ಕೆಲವು ವರ್ಷ ಕಲಿತು ಕಾಲು ಗಟ್ಟಿಯಾದ ಮೇಲೆ. ಚಿಕ್ಕ ಮಕ್ಕಳ ಪಾದದ ಮೂಳೆ ಇನ್ನೂ ಬೆಳೆಯುತ್ತಾ ಇರುತ್ತದೆ.

ಇನ್ನು ಮರೆಸುವ ಮಾತು. ಯಾಕೆ ಮರೆಸಬೇಕು? ಪ್ಲಿಯೆ ನಮ್ಮ ಅರೆಮಂಡಿಗೆ, ಅಂದರೆ ಮಂಡಿ ಬಗ್ಗಿಸಿ ಅರ್ಧ ಕೂರುವ ಭಂಗಿಗೆ, ದಾಯಾದಿ ಇದ್ದ ಹಾಗೆ. ಎರಡರಲ್ಲೂ ಪಾದ ಹೊರಗೆ ತಿರುಗಬೇಕು, ತಿರುವು ಸೊಂಟದ ಕೀಲಿನಿಂದ ಬರಬೇಕು, ಮಂಡಿ ತಿರುಚಬಾರದು. ಆದರೆ ಅವರು ಬಗ್ಗಿ ಮತ್ತೆ ಏಳುತ್ತಾರೆ, ಹಾರುತ್ತಾರೆ. ನಾವು ಕೂತಲ್ಲೇ ಇದ್ದು ನೆಲ ತಟ್ಟುತ್ತೇವೆ. ಹೊಸ ಮಕ್ಕಳು ನಾಲ್ಕು ತಟ್ಟಡವು (ಪಾದದಿಂದ ನೆಲ ತಟ್ಟುವ ಮೊದಲ ಹೆಜ್ಜೆ) ಹಾಕುವಷ್ಟರಲ್ಲಿ ಎದ್ದು ನಿಂತುಬಿಡುತ್ತಾರೆ. ನಿಮ್ಮ ಮೊಮ್ಮಗಳೂ ಅಷ್ಟೇ ಮಾಡುತ್ತಾಳೆ ಬಿಡಿ. ಕಲಾಕ್ಷೇತ್ರ ನೃತ್ಯಶಾಲೆ ಕಟ್ಟಿದ ರುಕ್ಮಿಣಿದೇವಿ ಅರುಂಡೇಲ್ ಕೂಡ ಮೊದಲು ಕಲಿತಿದ್ದು ಬ್ಯಾಲೆ, ರಷ್ಯಾದ ಹೆಸರಾಂತ ಬ್ಯಾಲೆ ನರ್ತಕಿ ಅನ್ನಾ ಪಾವ್ಲೋವಾ ಅವರ ತಂಡದ ನರ್ತಕಿಯೊಬ್ಬರ ಹತ್ತಿರ. ಭರತನಾಟ್ಯಕ್ಕೆ ಬಂದಿದ್ದು ಆಮೇಲೆ.

ಅವಸರವಂತೂ ಬೇಡ. ನಮ್ಮ ಮೈಸೂರಿನ ಹೆಸರಾಂತ ಭರತನಾಟ್ಯ ಕಲಾವಿದೆ ವೆಂಕಟಲಕ್ಷಮ್ಮನವರು ಗುರು ಜಟ್ಟಿ ತಾಯಮ್ಮನವರ ಹತ್ತಿರ ಶುರು ಮಾಡಿದ್ದೇ ಎಂಟನೇ ವಯಸ್ಸಿಗೆ. ಆರು ವರ್ಷದವರೆಗೆ ನಾನು ಅಡವು, ಅಂದರೆ ಹೆಜ್ಜೆಗಳ ಪಾಠ, ಹಿಡಿಸಲ್ಲ. 'ತೈಯ್ಯಾ ತೈ' ಅಂತ ಚಪ್ಪಾಳೆ, ನವಿಲು, ಜಿಂಕೆ, ಅಷ್ಟೇ. ಶನಿವಾರ ಕರೆದುಕೊಂಡು ಬಂದು ಸುಮ್ನೆ ಕೂರಿಸಿ ನೋಡಿ.

ವಿಜಯನಗರದ ಅಮ್ಮ:
ಅಂಕಲ್, ನನ್ನ ಅಕ್ಕನ ಮಗಳೂ ಅಲ್ಲಿ ಅಂಥದ್ದೇ ಕ್ಲಾಸಿಗೆ ಹೋಗುತ್ತಿದ್ದಳು. ಒಮ್ಮೆ ಹೋಗಿ ನೋಡಿದೆ. ಬ್ಯಾಲೆ ಅನ್ನುವುದು ಹೆಸರಿಗೆ. ಬಣ್ಣದ ದುಪಟ್ಟಾ ಬೀಸು, ಪಿಯಾನೋ ನಿಂತ ತಕ್ಷಣ ಕಲ್ಲಿನ ಹಾಗೆ ನಿಲ್ಲು, ಪಕ್ಕದವಳನ್ನು ತಳ್ಳಬೇಡ. ಮೂರು ವರ್ಷದವರಿಗೆ ಅದೇ ದೊಡ್ಡ ವಿದ್ಯೆ ಅಲ್ವಾ? ಆ ನಟ್‌ಕ್ರ್ಯಾಕರ್ 1892ರಲ್ಲಿ ರಷ್ಯಾದಲ್ಲಿ ಶುರುವಾಗಿದ್ದು. ಅಮೆರಿಕದಲ್ಲಿ ಈಗ ಊರೂರಲ್ಲೂ ಕ್ರಿಸ್‌ಮಸ್ ಹೊತ್ತಿಗೆ ಆಡುತ್ತಾರೆ. ಇಲಿ, ಸೈನಿಕ ಅಂತ ಮಕ್ಕಳ ಪಾತ್ರ ಜಾಸ್ತಿ. ಒಂದು ಇಲಿಗೆ ಅಜ್ಜಿ, ತಾತ, ಅತ್ತೆ ಸೇರಿ ಆರು ಟಿಕೆಟ್ ಖರ್ಚಾಗುತ್ತದೆ, ತಂಡದ ಹೊಟ್ಟೆಯೂ ತುಂಬುತ್ತದೆ! ಇವಳಿಗೆ ಸ್ಟೇಜ್ ಹುಚ್ಚು ಇದ್ದರೆ, ಇನ್ನೂ ಸ್ವಲ್ಪ ದೊಡ್ಡವಳಾದ ಮೇಲೆ ಬೇಸಿಗೆ ರಜೆಯಲ್ಲಿ ರಂಗಾಯಣದ ಮಕ್ಕಳ ನಾಟಕ ಶಿಬಿರ ಚಿಣ್ಣರ ಮೇಳಕ್ಕೆ ಸೇರಿಸಿ.

ಮಂಡ್ಯದವನು:
ನಮ್ಮ ಕಡೆ ಹಬ್ಬಕ್ಕೆ ಕರೆದುಕೊಂಡು ಬನ್ನಿ ಸಾರ್. ದೇವರ ಹಬ್ಬದ ಪೂಜಾ ಕುಣಿತದ ತಮಟೆ ಸದ್ದಿಗೆ ಇಲಿ, ಹುಲಿ ಎಲ್ಲಾ ಕುಣಿಯುತ್ತವೆ. ಫೀಸಿಲ್ಲ, ಊಟ ಬೇರೆ.

ಸರಸ್ವತಿಪುರಂ ತಾತ:
ಎಲ್ಲರಿಗೂ ಥ್ಯಾಂಕ್ಸ್. ಟೀಚರಮ್ಮ, ಸಂಜೆ ಅರೆಮಂಡಿ ಕೂರಿಸಿ 'ತೈಯ್ಯಾ ತೈ' ಹೇಳಿಕೊಟ್ಟೆ. ನೀವು ಹೇಳಿದ ಹಾಗೇ ನಾಲ್ಕನೆಯದಕ್ಕೆ ಎದ್ದು ನಿಂತಳು. ಬೀರು ತೆಗೆಸಿ, ಬಾಲ ಕಟ್ಟಿಸಿಕೊಂಡು ಮತ್ತೆ ಶುರು ಮಾಡಿದಳು. ಶನಿವಾರ ಬಾಲದ ಸಮೇತ ಬಂದರೆ ಬೈಯುವುದಿಲ್ಲ ತಾನೆ?

ಕುವೆಂಪುನಗರದ ಡ್ಯಾನ್ಸ್ ಟೀಚರ್:
ಬರಲಿ ಸರ್. ನಮ್ಮ ಕ್ಲಾಸಲ್ಲಿ ಗಣಪತಿ ಆಗುವವನು ಒಬ್ಬನಿದ್ದಾನೆ, ಇಲಿಯೇ ಸಿಕ್ಕಿರಲಿಲ್ಲ.