‘ಹಿಮದೈತ್ಯ’ ಬೇಡ ಅಂದರೆ ಇನ್ನೇನು?

ಎಲ್ಲರಿಗೂ ನಮಸ್ಕಾರ.

ಯುರೇನಸ್ ಮತ್ತು ನೆಪ್ಚೂನ್ ಗ್ರಹಗಳಿಗೆ ಇಂಗ್ಲಿಷಿನಲ್ಲಿ ‘ಐಸ್ ಜಯಂಟ್’ ಅನ್ನುತ್ತಾರೆ. ಅದನ್ನೇ ಕನ್ನಡದಲ್ಲಿ ‘ಹಿಮದೈತ್ಯ’ ಅಂತ ಬರೆಯುವುದನ್ನು ನೋಡುತ್ತಿದ್ದೇನೆ. ದೈತ್ಯನ ಬಗ್ಗೆ ನನಗೆ ತಕರಾರಿಲ್ಲ. ಯುರೇನಸ್ ಭೂಮಿಗಿಂತ ನಾಲ್ಕು ಪಟ್ಟು ಅಗಲ, ಹದಿನಾಲ್ಕೂವರೆ ಪಟ್ಟು ತೂಕ. ದೈತ್ಯ ಅನ್ನದೆ ಇನ್ನೇನು ಅನ್ನೋಣ? ತಕರಾರು ಇರುವುದು ‘ಹಿಮ’ದ ಬಗ್ಗೆ.

ಇಲ್ಲಿ ಜಯನಗರದಲ್ಲಿ ನಾವು ಕೆಲವರು ಸೇರಿ ಮಕ್ಕಳಿಗಾಗಿ ಗ್ರಹಗಳ ಬಗ್ಗೆ ಒಂದು ಪುಟ್ಟ ಪುಸ್ತಕ ತರುತ್ತಿದ್ದೇವೆ. ಕರಡು ಓದಿದ ಒಬ್ಬಳು ಹುಡುಗಿ, ‘ಅಲ್ಲಿ ಇಳಿದ್ರೆ ಹಿಮದಲ್ಲಿ ಕಾಲು ಹೂತುಹೋಗತ್ತಾ ಅಂಕಲ್?’ ಅಂತ ಕೇಳಿದಳು. ಹಿಮ ಅಂದ ಕೂಡಲೇ ಹಿಮಾಲಯ ಕಣ್ಣಿಗೆ ಬರುತ್ತೆ, ಅವಳದ್ದೇನು ತಪ್ಪು? ಯುರೇನಸ್ಸಿನಲ್ಲಿ ಕಾಲಿಡುವುದಕ್ಕೆ ನೆಲವೇ ಇಲ್ಲ. ಮೇಲಿನ ಮೋಡದಿಂದ ಕೆಳಗೆ ಇಳಿಯುತ್ತಾ ಹೋದರೆ ಗಾಳಿಯೇ ದಟ್ಟವಾಗುತ್ತಾ ಹೋಗುತ್ತದೆ, ಅಷ್ಟೆ.

ಚಳಿ ಇರುವುದು ಮೇಲ್ಪದರದಲ್ಲಿ ಮಾತ್ರ. ಅಲ್ಲಿ ಮೈನಸ್ 224 ಡಿಗ್ರಿ ಸೆಲ್ಸಿಯಸ್‌ವರೆಗೂ ಇಳಿಯುತ್ತದೆ, ನಿಜ. ಒಳಗೆ ಕತೆ ಬೇರೆ. ಗ್ರಹದ ಒಟ್ಟು ತೂಕದಲ್ಲಿ ಸುಮಾರು ಶೇ. 80 ಭಾಗ ನೀರು, ಮೀಥೇನ್, ಅಮೋನಿಯಾಗಳು ಬೆರೆತ ದಟ್ಟ ದ್ರವ ಅಂತ ಲೆಕ್ಕ. ನಡುವಿನ ತಿರುಳಿನ ಹತ್ತಿರ ಅದರ ಬಿಸಿ ಸುಮಾರು 5,000 ಡಿಗ್ರಿ. ಇದಕ್ಕೆ ಹಿಮ ಅನ್ನುವುದಾ? (ಕಲ್ಲಿನ ಪಾಲು ಇನ್ನೂ ಜಾಸ್ತಿ ಇರಬಹುದು ಅನ್ನುವ ವಾದವೂ ಇದೆ. ಈವರೆಗೆ ಅಲ್ಲಿಗೆ ಹೋಗಿದ್ದು ವಾಯೇಜರ್ 2 ನೌಕೆ ಒಂದೇ, ಅದೂ 1986ರಲ್ಲಿ. ಹಾಗಾಗಿ ಈ ಜಗಳ ಬೇಗ ಮುಗಿಯುವುದಿಲ್ಲ.)

ಹಾಗಾದರೆ ‘ಐಸ್’ ಅಂತ ಯಾಕೆ ಅಂದರು? ಗ್ರಹ ವಿಜ್ಞಾನಿಗಳು ಆ ಪದವನ್ನು ಪದಾರ್ಥದ ಜಾತಿ ಹೇಳುವುದಕ್ಕೆ ಬಳಸುತ್ತಾರೆ. ಅದು ಈಗ ಗಟ್ಟಿಯಾಗಿದೆಯೋ ನೀರಾಗಿದೆಯೋ ಅನ್ನುವುದು ಅವರಿಗೆ ಮುಖ್ಯ ಅಲ್ಲ. ಸೂರ್ಯ ಹುಟ್ಟಿದ ಕಾಲದಲ್ಲಿ ದೂರದ ಚಳಿಗೆ ನೀರು, ಅಮೋನಿಯಾ, ಮೀಥೇನ್‌ಗಳು ಹರಳುಹರಳಾಗಿ ಗಟ್ಟಿಯಾದವು. ಜಲಜನಕ, ಹೀಲಿಯಂ ಗಟ್ಟಿಯಾಗಲಿಲ್ಲ. ಗಟ್ಟಿಯಾದವು ಒಂದಕ್ಕೊಂದು ಅಂಟಿಕೊಂಡು ಈ ಗ್ರಹಗಳ ಒಡಲಾದವು. ಹುಟ್ಟಿದಾಗಿನ ಹೆಸರು ಹಾಗೇ ಉಳಿಯಿತು.

ಗುರು, ಶನಿಗಳಿಗೆ ಅನ್ನುವ ಹಾಗೆ ‘ಅನಿಲದೈತ್ಯ’ ಅಂತಲೇ ಎಲ್ಲಕ್ಕೂ ಅಂದುಬಿಡೋಣ ಅಂತ ಗೆಳೆಯರೊಬ್ಬರ ಸಲಹೆ. ಯುರೇನಸ್ಸಿನ ಗಾಳಿಯಲ್ಲಿ ಶೇ. 83 ಜಲಜನಕ, 15 ಹೀಲಿಯಂ, 2ರಷ್ಟು ಮೀಥೇನ್ ಇದೆಯಲ್ಲ ಅಂತ ಅವರ ವಾದ. ಅದು ಹೊರಗಿನ ಗಾಳಿಯ ಲೆಕ್ಕ. ಇಡೀ ಗ್ರಹವನ್ನು ತೂಗಿದರೆ ಜಲಜನಕ, ಹೀಲಿಯಂ ಸೇರಿ ಐದರಲ್ಲೊಂದು ಪಾಲು ಆದೀತು. ಗುರುಗ್ರಹದಲ್ಲಿ ಅವೇ ಹತ್ತಕ್ಕೆ ಒಂಬತ್ತು ಪಾಲು. ಎರಡಕ್ಕೂ ಒಂದೇ ಹೆಸರು ಕೊಟ್ಟರೆ ಈ ಮುಖ್ಯವಾದ ವ್ಯತ್ಯಾಸವೇ ಮಾಯವಾಗುತ್ತದೆ.

‘ದ್ರವದೈತ್ಯ’ವೂ ಆಗದು. ಗುರುವಿನ ಒಳಗೂ ಜಲಜನಕ ದ್ರವವಾಗಿಯೇ ಇದೆ. ‘ಮಂಜಿನ ದೈತ್ಯ’ ಅಂತೂ ಬೇಡವೇ ಬೇಡ. ಬೆಂಗಳೂರಿನಲ್ಲಿ ಮಂಜು ಅಂದರೆ ಜನವರಿಯ ಬೆಳಗ್ಗೆ ದೇವನಹಳ್ಳಿಯಲ್ಲಿ ವಿಮಾನ ತಡ ಮಾಡಿಸುವಂಥದ್ದು. ಇಲ್ಲದಿದ್ದರೆ ಪಕ್ಕದ ಬೀದಿಯ ಮಂಜುನಾಥ! ‘ಮಂಜುಗಡ್ಡೆ’ ಅರ್ಥದಲ್ಲಿ ಸರಿ, ಆದರೆ ‘ಗಡ್ಡೆ’ ಅಂದಮೇಲೆ ಗಟ್ಟಿ ಅಂತಾಯಿತು. ಪದವೂ ಉದ್ದ. ‘ಹೆಪ್ಪುದೈತ್ಯ’ ನನಗೆ ಹಿಡಿಸಿತ್ತು. ಹಾಲು, ರಕ್ತ, ನೀರು ಎಲ್ಲಕ್ಕೂ ನಾವು ಹೆಪ್ಪುಗಟ್ಟುವುದು ಅನ್ನುತ್ತೇವೆ, ಅಲ್ವಾ? ಮನೆಯಲ್ಲಿ ಹೇಳಿದರೆ ‘ಮೊಸರಿನ ರಾಕ್ಷಸನಾ?’ ಅಂತ ನಕ್ಕರು. ಅಲ್ಲಿಗೆ ಅದನ್ನು ಬಿಟ್ಟೆ.

ಈಗ ನನ್ನ ಕಣ್ಣು ‘ಆಲಿಕಲ್ಲಿ’ನ ಮೇಲಿದೆ. ಇಲ್ಲಿ ಬೇಸಿಗೆ ಮಳೆಯಲ್ಲಿ ಒಮ್ಮೊಮ್ಮೆ ಬೀಳುತ್ತದಲ್ಲ, ಅದೇ. ಫ್ರಿಜ್ ಬರುವ ಮೊದಲು ನಮ್ಮ ಕಡೆಯವರು ಕೈಯಲ್ಲಿ ಮುಟ್ಟಿ ನೋಡಿದ್ದ ಐಸ್ ಅದೊಂದೇ ಇರಬೇಕು. ಕಾಳುಕಾಳಾಗಿ ಹೆಪ್ಪುಗಟ್ಟಿದ ನೀರು. ಈ ಗ್ರಹಗಳು ಹುಟ್ಟಿದ್ದೂ ಅಂಥ ಹರಳುಗಳಿಂದಲೇ. ‘ಕಲ್ಲು’ ತೆಗೆದು ‘ಆಲಿ’ ಮಾತ್ರ ಇಟ್ಟುಕೊಂಡು, ನೀರು, ಮೀಥೇನ್, ಅಮೋನಿಯಾಗಳ ಗುಂಪಿಗೆ ‘ಆಲಿಗಳು’, ಗ್ರಹಕ್ಕೆ ‘ಆಲಿದೈತ್ಯ’ ಅಂದರೆ ಹೇಗೆ? ‘ಬಿಸಿ ಹಿಮ’ ಅಂದರೆ ಓದುಗರು ತಬ್ಬಿಬ್ಬಾಗುತ್ತಾರೆ. ‘ಬಿಸಿ ಆಲಿ’ಗೆ ಆ ತೊಂದರೆ ಕಡಿಮೆ, ಯಾಕಂದರೆ ಆ ಪದಕ್ಕೆ ಇನ್ನೂ ಚಿತ್ರ ಅಂಟಿಲ್ಲ. ಇದು ಬರೀ ಮಾತಿನ ಚಮತ್ಕಾರವೂ ಅಲ್ಲ. ವಿಪರೀತ ಒತ್ತಡದಲ್ಲಿ ನೀರು ಸಾವಿರಾರು ಡಿಗ್ರಿ ಬಿಸಿಯಲ್ಲೂ ಹರಳುಗಟ್ಟುತ್ತದೆ ಅಂತ ಅಮೆರಿಕದ ವಿಜ್ಞಾನಿಗಳು 2019ರಲ್ಲಿ ಲೇಸರ್ ಪ್ರಯೋಗದಿಂದ ತೋರಿಸಿದ್ದಾರೆ. ಅದರಲ್ಲಿ ಆಮ್ಲಜನಕ ಜಾಗ ಬಿಟ್ಟು ಕದಲುವುದಿಲ್ಲ, ಜಲಜನಕದ ಅಯಾನುಗಳು (ವಿದ್ಯುದಾವೇಶ ಇರುವ ಕಣಗಳು) ಓಡಾಡುತ್ತವೆ. ಯುರೇನಸ್ಸಿನ ಒಳಗೂ ಅಂಥ ನೀರು ಇರಬಹುದು. ಅದರ ಕಾಂತಕ್ಷೇತ್ರ, ಗ್ರಹ ತಿರುಗುವ ಅಚ್ಚಿಗೆ 59 ಡಿಗ್ರಿ ವಾಲಿಕೊಂಡಿರುವುದಕ್ಕೂ ಈ ಒಳಗಿನ ಕಲಸುಮೇಲೋಗರಕ್ಕೂ ನಂಟಿದೆ ಅನ್ನುತ್ತಾರೆ.

ಒಂದೇ ಅಡ್ಡಿ, ‘ಆಲಿ’ ಅಂದರೆ ಕಣ್ಣಾಲಿಯೂ ಹೌದು.

ಇದರ ಜೊತೆಗೆ ಇನ್ನೊಂದು ಸಣ್ಣ ಪ್ರಶ್ನೆ: ಯುರೇನಸ್ಸಿಗೆ ಇರುವುದು ಉಂಗುರವೋ ಬಳೆಯೋ? ಗೊತ್ತಿರುವುದು ಹದಿಮೂರು, ಹೆಚ್ಚಿನವು ಸಪೂರ, ಕಪ್ಪು. ಗ್ರಹವೇ ಮಲಗಿಕೊಂಡು ಸುತ್ತುವುದರಿಂದ ಇವು ನೆಟ್ಟಗೆ ನಿಂತ ಹಾಗೆ ಕಾಣುತ್ತವೆ. 1977ರ ಮಾರ್ಚ್ 10ರಂದು ಯುರೇನಸ್ ಒಂದು ನಕ್ಷತ್ರವನ್ನು ಮರೆಮಾಡುವ ಹೊತ್ತಿಗೆ, ಆ ನಕ್ಷತ್ರದ ಬೆಳಕು ನಡುನಡುವೆ ಕುಗ್ಗಿದ್ದರಿಂದ ಅವುಗಳಲ್ಲಿ ಮೊದಲಿನವು ಪತ್ತೆಯಾದವು. ಆ ದಿನ ವಿಮಾನದಲ್ಲಿ ದೂರದರ್ಶಕ ಇಟ್ಟುಕೊಂಡು ಹಾರಿದ ಅಮೆರಿಕನ್ನರಿಗೆ ಹೆಸರು ಬಂತು. ಅದೇ ಹೊತ್ತಿಗೆ ನಮ್ಮ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯವರೂ ತಮಿಳುನಾಡಿನ ಕಾವಲೂರು ವೀಕ್ಷಣಾಲಯದಿಂದ ನಕ್ಷತ್ರದ ಬೆಳಕು ಕುಗ್ಗಿದ್ದನ್ನು ದಾಖಲಿಸಿದ್ದರು. ನನ್ನ ವೋಟು ‘ಬಳೆ’ಗೆ. ಬೆರಳಿಗಿಂತ ಕೈಗೆ ಹಾಕುವುದೇ ಈ ಗಾತ್ರಕ್ಕೆ ಸರಿ. ಇದರಲ್ಲಿ ಜಾಸ್ತಿ ವಾದ ಬೇಡ ಅಂತ ನನ್ನ ಅನಿಸಿಕೆ.

‘ಆಲಿ’ ಬಗ್ಗೆ ಮಾತ್ರ ನಿಮ್ಮ ಸಹಾಯ ಬೇಕು. ನಿಮ್ಮ ಊರಿನ ಕಡೆ ‘ಕಲ್ಲು’ ಸೇರಿಸದೆ ‘ಆಲಿ ಬಿತ್ತು’ ಅಂತ ಯಾರಾದರೂ ಅನ್ನುತ್ತಾರಾ? ಹಳೆಯ ಬರಹಗಳಲ್ಲಿ ಆ ಪ್ರಯೋಗ ಕಂಡವರಿದ್ದರೆ ಸಾಲಿನ ಸಮೇತ ತಿಳಿಸಿ. ಪುಸ್ತಕ ಇನ್ನೂ ಅಚ್ಚಿಗೆ ಹೋಗಿಲ್ಲ.